ದೀಪ ಮೊಳೆಯಲ್ಲಿ ತೂಗುವವರೆಗೆ

ರಾತ್ರಿ ಒಂದೂ ಮುಕ್ಕಾಲು. ಮೋಕ್ಷಿತಾ ರೈಲ್ವೆ ಕ್ವಾರ್ಟರ್ಸಿನಿಂದ ಮನೆಗೆ ಹೊರಟು ಬಾವಿಯ ಹತ್ತಿರ ಬಂದಿದ್ದಳು. ಒಬ್ಬಳೇ. ಮಳೆ ಬಿಟ್ಟಿತ್ತು. ಗಾಳಿಯೂ ಇರಲಿಲ್ಲ.

ಮೋಕ್ಷಿತಾ ನನ್ನ ದೊಡ್ಡಮ್ಮನ ಮಗಳು. ಕಳೆದ ಜುಲೈಯಲ್ಲಿ ಅವಳಿಗೆ ಆದದ್ದು ಇದು. ಜಾಗ ಕಡಬದ ಕಡೆಯ ಒಂದು ಸಣ್ಣ ಸ್ಟೇಷನ್. ಹೆಸರು ಬೇಡ. ಅಲ್ಲಿಯವರು ರಾತ್ರಿ ನಡೆಯಬೇಕಲ್ಲ.

ಅಷ್ಟು ಹೊತ್ತಿನಲ್ಲಿ ಅವಳಿಗೆ ಅಲ್ಲಿ ಎಂತ ಕೆಲಸ? ಅದನ್ನು ಮೊದಲು ಹೇಳಬೇಕು.

ಆ ಊರಿನಲ್ಲಿ ಹೆಂಗಸರ ಸಮಿತಿ ಒಂದು ಉಂಟು. ನಲವತ್ತು ವರ್ಷ ಹಳೆಯದು. ಹಳಿ ಕೆಲಸದವರ ಮನೆಯವರಿಗಾಗಿ ಮಾಡಿದ್ದು. ಬಾಣಂತಿಗೆ ಗಂಜಿ ಬೇಯಿಸಿ ಕೊಡುತ್ತಾರೆ, ಮಕ್ಕಳಿಗೆ ಬಟ್ಟೆ ಹೊಲಿದು ಕೊಡುತ್ತಾರೆ. ಆದರೆ ಮುಖ್ಯ ಕೆಲಸ ಜತೆ ಕೂರುವುದು. ಮಳೆಗಾಲದಲ್ಲಿ ಗುಡ್ಡ ಜರಿದು ಹಳಿಗೆ ಬೀಳುತ್ತದೆ. ಅದಕ್ಕಾಗಿ ಗ್ಯಾಂಗಿನವರು ರಾತ್ರಿಯಿಡೀ ಹಳಿಯ ಮೇಲೆ ನಡೆದು ನೋಡುತ್ತಾರೆ. ಗಂಡ ಹಾಗೆ ಹೋದಾಗ ಹೆಂಡತಿ ಒಬ್ಬಳೇ ಇದ್ದರೆ ಸಮಿತಿಯವರು ಒಬ್ಬರು ಹೋಗಿ ಕೂರುತ್ತಾರೆ. ನಿಯಮ ಒಂದೇ. ಗಂಡ ಒಳಗೆ ಬಂದು ಕೈಯ ದೀಪವನ್ನು ಬಾಗಿಲ ಪಕ್ಕದ ಮೊಳೆಗೆ ತೂಗಿಸಬೇಕು. ಆಮೇಲೆಯೇ ಏಳುವುದು. ಆಗ ಕಂದೀಲು, ಈಗ ಟಾರ್ಚು. ಮೊಳೆ ಅದೇ.

ಆ ರಾತ್ರಿ ಮೋಕ್ಷಿತಾ ಕೂತದ್ದು ಜುಮಾನಾಳ ಜತೆ. ಜುಮಾನಾಳಿಗೆ ಎಂಟು ತಿಂಗಳು. ಗಂಡ ನೌಷಾದ್ ಹಳಿಗೆ ಹೋಗಿದ್ದ. ಒಂದೂವರೆಗೆ ಅವನ ಫೋನ್ ಬಂತು. ಡ್ಯೂಟಿ ಮುಗಿಯಿತು, ಸ್ಟೇಷನ್ನಿನಲ್ಲಿ ಸಹಿ ಹಾಕಿ ಹೊರಟೆ, ಹತ್ತು ನಿಮಿಷ.

"ಅಕ್ಕ, ನೀವು ಹೋಗಿ. ಬೆಳಿಗ್ಗೆ ಶಾಲೆ ಉಂಟಲ್ಲ ನಿಮಗೆ," ಅಂದಳು ಜುಮಾನಾ.

"ಅವರು ಬಂದು ದೀಪ ತೂಗಿಸ್ಲಿ."

"ಮೊಳೆ ಎಂತ ಓಡಿಹೋಗ್ತದಾ? ಹೋಗಿ ಮಾರಾಯ್ರೆ. ನೀವು ಆಕಳಿಸುದು ನೋಡಿ ಹೊಟ್ಟೆಯಲ್ಲಿದ್ದದ್ದೂ ಆಕಳಿಸ್ಲಿಕ್ಕೆ ಶುರು ಮಾಡಿದೆ."

ಇಬ್ಬರೂ ನಕ್ಕರು. ಮೋಕ್ಷಿತಾ ಎದ್ದಳು. ಜುಮಾನಾ ಬಾಗಿಲು ಒರಗಿಸಿ ಒಳಕೋಣೆಯಲ್ಲಿ ಮಲಗಿದಳು.

ಇನ್ನು ಬಾವಿ. ಅದಕ್ಕೆ ಕಬ್ಬಿಣದ ಬಲೆ ಹಾಕಿ, ಪಂಪು ಕೂರಿಸಿ ಹತ್ತು ವರ್ಷ ಆಯಿತು. ರಾಟೆ ಇಲ್ಲ. ಹಗ್ಗ ಇಲ್ಲ. ಆದರೆ ಶಬ್ದ...

ಕಿರ್ರ್... ಕಿರ್ರ್...

ಎಣ್ಣೆ ಕಾಣದ ರಾಟೆಯದ್ದೇ. ಆಮೇಲೆ ಕೊಡಪಾನ ನೀರಿಗೆ ತಾಗಿದ ಹಾಗೆ, ಬುಳುಕ್.

ಬಾವಿಕಟ್ಟೆಯ ಮೇಲೆ ಒಬ್ಬರು ಹೆಂಗಸು ಕೂತಿದ್ದರು. ತಲೆಗೆ ಸೆರಗು. ಎರಡೂ ಕೈ ಮಡಿಲಲ್ಲಿ.

"ಎದ್ದು ಬಂದೆಯಾ?"

ಪಿಸುಮಾತು. ಸಮಿತಿಯ ಹಳಬರು ಯಾರೋ ಇರಬೇಕು ಅಂದುಕೊಂಡಳು ಇವಳು.

"ಹೌದಮ್ಮ... ಫೋನ್ ಬಂತು."

"ಫೋನ್ ಬಂತು. ಜನ ಬಂತಾ?"

ಮೋಕ್ಷಿತಾ ಕ್ವಾರ್ಟರ್ಸಿನ ಕಡೆ ತಿರುಗಿ ನೋಡಿದಳು.

"ನಾನೂ ಎದ್ದಿದ್ದೆ ಮಗಾ. ಒಂದೇ ಸಲ."

ಕಿರ್ರ್... ಕಿರ್ರ್... ಕೈಗಳು ಮಡಿಲಲ್ಲೇ ಇದ್ದವು.

"ಹೋಗು. ಕೂರು."

ಅವಳು ಓಡಿದಳು. ಚಪ್ಪಲಿ ಒಂದು ಕೆಸರಲ್ಲಿ ಉಳಿಯಿತು. ಜುಮಾನಾಳ ಮನೆಗೆ ಬಂದಾಗ ಎರಡು ಗಂಟೆಗೆ ಐದು ನಿಮಿಷ ಇತ್ತು. ಬಾಗಿಲು ಒರಗಿಸಿದ ಹಾಗೆಯೇ. ಮೊಳೆ ಖಾಲಿ. ನೌಷಾದ್ ಬಂದಿರಲಿಲ್ಲ.

ಫೋನ್ ಮಾಡಿದಳು. ರಿಂಗ್ ಆಯಿತು. ಎತ್ತಲಿಲ್ಲ. ಪುನಃ ಮಾಡಿದಳು. ಜುಮಾನಾ ಎದ್ದು ಬಂದಳು.

"ಇನ್ನೂ ಬರ್ಲಿಲ್ವಾ ಅಕ್ಕ?"

ಮೋಕ್ಷಿತಾ ಸ್ಟೇಷನ್ನಿಗೆ ಫೋನ್ ಮಾಡಿದಳು. ಅಲ್ಲಿಂದ ಇಬ್ಬರು ಟಾರ್ಚು ಹಿಡಿದು ಹೊರಟರು. ಅವರು ಹುಡುಕಿದ್ದು ಕಣ್ಣಿನಿಂದಲ್ಲ, ಕಿವಿಯಿಂದ. ಇವಳು ಇಲ್ಲಿಂದ ಫೋನ್ ಮಾಡುತ್ತಲೇ ಇದ್ದಳು. ಅಲ್ಲಿ ಮೋರಿಯ ಮೇಲೆ ಬಿದ್ದಿದ್ದ ಫೋನ್ ರಿಂಗ್ ಆಗುತ್ತಲೇ ಇತ್ತು. ಕೆಳಗೆ ಚರಂಡಿಯಲ್ಲಿ ನೌಷಾದ್. ಕಾಲು ಮುರಿದಿತ್ತು, ಪ್ರಜ್ಞೆ ಇರಲಿಲ್ಲ. ನೀರು ಗಲ್ಲದವರೆಗೆ ಬಂದಿತ್ತು... ಮೇಲಿನ ಗುಡ್ಡದಲ್ಲಿ ಮಳೆ ಬಿಟ್ಟಿರಲಿಲ್ಲ.

ಸ್ಟೇಷನ್ನಿನವರ ಮಟ್ಟಿಗೆ ಅವನು ಮನೆಗೆ ಹೋಗಿ ಆಗಿತ್ತು. ಮನೆಯವಳು ಮಲಗಿದ್ದಳು. ಬೆಳಗಾಗುವ ತನಕ ಯಾರೂ ಹುಡುಕುತ್ತಿರಲಿಲ್ಲ.

ಪುತ್ತೂರಿನ ಆಸ್ಪತ್ರೆಯಲ್ಲಿ ಹದಿನಾರು ದಿನ ಇದ್ದ. ಈಗ ಕುಂಟುತ್ತಾನೆ. ಮಗಳು ಹುಟ್ಟಿದ್ದಾಳೆ.

ಸಮಿತಿಯ ಇತಿಹಾಸ ಬರೆದುಕೊಡಲು ನನಗೆ ಹೇಳಿದ್ದಾರೆ. ಹಳೆಯ ವರದಿಗಳನ್ನು ನೋಡಿದೆ. ಸಮಿತಿ ಶುರುವಾದ ಎರಡನೆಯ ಮಳೆಗಾಲ, ಆಲೆಟ್ಟಿಯಿಂದ ಮದುವೆಯಾಗಿ ಬಂದ ಪೊನ್ನಕ್ಕ ಎಂಬವರು ಒಬ್ಬ ಗ್ಯಾಂಗ್‌ಮನ್ ಮನೆಯಲ್ಲಿ ಜತೆ ಕೂತಿದ್ದರು. ದೂರದಲ್ಲಿ ಅವನ ಸೀಟಿ ಕೇಳಿತು. ಬಂದ ಅಂತ ಎದ್ದು ಹೋದರು. ಅವನು ಬರಲಿಲ್ಲ. ಮೊಳೆಯ ನಿಯಮ ಆಮೇಲಿನದು. ಪೊನ್ನಕ್ಕ ತೀರಿಹೋಗಿ ಎಂಟು ವರ್ಷ.

ಅವರ ಫೋಟೋವನ್ನು ಮೋಕ್ಷಿತಾಳಿಗೆ ತೋರಿಸಿದೆ.

"ಮುಖ ಕಾಣ್ಲಿಲ್ಲ ಅಂತ ಎಷ್ಟು ಸಲ ಹೇಳುದು ನಿಂಗೆ?" ಅಂದಳು. ಇಲ್ಲದ್ದನ್ನು ಸೇರಿಸುವವಳಲ್ಲ ಅವಳು.

ಆದರೆ ಇನ್ನೊಂದು ಹೇಳಿದಳು. ಆ ರಾತ್ರಿ ಓಡಿ ಬಂದವಳು ಮೊದಲು ಕೂತಿದ್ದ ಚಾಪೆಯ ಮೇಲೆಯೇ ಕುಸಿದು ಕೂತಳಂತೆ. ಚಾಪೆ ಬೆಚ್ಚಗಿತ್ತು. ಯಾರೋ ಆಗಷ್ಟೇ ಎದ್ದ ಹಾಗೆ. ಜುಮಾನಾಳನ್ನು ಬೇರೆಯಾಗಿ ಕೇಳಿದೆ. ಅವಳೂ ಕೈ ಇಟ್ಟು ನೋಡಿದ್ದಳು. ಬೆಚ್ಚಗಿತ್ತು.

ನಾನು ಓದಿದ್ದು ಭೌತಶಾಸ್ತ್ರ. ಅದೇ ಮನೆಗೆ ಹೋಗಿ, ಅದೇ ಚಾಪೆಯ ಮೇಲೆ ಎರಡು ಗಂಟೆ ಕೂತು ಎದ್ದೆ. ಗಡಿಯಾರ ನೋಡಿದೆ. ಆರು ನಿಮಿಷಕ್ಕೆ ತಣ್ಣಗಾಯಿತು. ಮೂರು ರಾತ್ರಿ ನೋಡಿದೆ. ಮೂರು ರಾತ್ರಿಯೂ ಆರೇ ನಿಮಿಷ.

ಮೋಕ್ಷಿತಾ ಎದ್ದು ಹೋಗಿ ವಾಪಸು ಬಂದದ್ದು ಇಪ್ಪತ್ತು ನಿಮಿಷಕ್ಕೆ. ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು. ಚಾಪೆ ಬೆಚ್ಚಗಿದ್ದದ್ದು ಹೌದು.