ಎರಡನೇ ಬಾವುಟ

ಆ ರಾತ್ರಿ ಆರ್ಡಿಸ್ ಕೆಲಸ ಮುಗಿಸಿ, ಮುಚ್ಚಿಹೋದ ಶಾಲೆಯ ಕೈಪಂಪಿನ ಬಾವಿ ದಾಟಿ ನಡೆದು ಬಂದಾಗ ಅವಳ ಕೈಯಲ್ಲಿ ಎರಡು ಬಾವುಟ ಇದ್ದವು. ಇರಬೇಕಾದದ್ದು ಒಂದೇ.

ನನ್ನ ಮನೆ ಆ ಬಾವಿಯ ಎದುರಿಗೇ. ಆರ್ಡಿಸ್ ನನ್ನ ಚಿಕ್ಕಪ್ಪನ ಮಗಳು. ನಾನು ಕಿತ್ತ ರಸ್ತೆಯ ಹೆಂಟೆ, ಹಳೇ ಛಾವಣಿಯ ಡಾಂಬರು ಹಾಳೆ ಇವನ್ನೆಲ್ಲ ಪುಡಿ ಮಾಡಿ ಮತ್ತೆ ರಸ್ತೆಗೇ ಮಾರುವವನು. ದೆವ್ವದ ವ್ಯಾಪಾರ ನನ್ನದಲ್ಲ. ನೀವು ನಂಬಿದರೆ ನನಗೇನೂ ಗಿಟ್ಟುವುದಿಲ್ಲ. ಆದರೂ ನಡೆದದ್ದು ನಡೆದದ್ದೇ...

ಉತ್ತರ ಮಿನೆಸೋಟದ ಈ ಜೌಗಿನ ಪಕ್ಕ ತಿರುಗುವ ರಸ್ತೆಯನ್ನು ಆ ವರ್ಷ ಹೊಸದು ಮಾಡುತ್ತಿದ್ದರು. ಹೊಸದೆಂದರೆ ಹೊಸದಲ್ಲ. ಯಂತ್ರ ಹಳೇ ರಸ್ತೆಯನ್ನೇ ಕೆರೆದು, ಅರೆದು, ನನ್ನ ಪುಡಿ ಬೆರೆಸಿ, ಅಲ್ಲೇ ಮತ್ತೆ ಹಾಸುತ್ತಿತ್ತು. ಅಜ್ಜಂದಿರ ಕಾಲದ ಅದೇ ಕಲ್ಲು, ಅದೇ ಡಾಂಬರು. ಅದರೊಳಗೆ ಏನೇನು ಸೇರಿತ್ತೋ, ಎಲ್ಲ ವಾಪಸ್ಸು ರಸ್ತೆಗೇ. ಹಗಲೆಲ್ಲ ದಿಮ್ಮಿ ಲಾರಿಗಳ ಸಾಲು. ಹಾಗಾಗಿ ಕೆಲಸ ರಾತ್ರಿ.

ಅರ್ಧ ರಸ್ತೆ ಯಂತ್ರಕ್ಕೆ, ಅರ್ಧ ಗಾಡಿಗಳಿಗೆ. ಗಾಡಿ ತಡೆದು ಬಿಡಲು ಈ ತುದಿಯಲ್ಲಿ ಆರ್ಡಿಸ್, ಆ ತುದಿಯಲ್ಲಿ ಅವಳ ಜೊತೆಗಾರ ಡುವೇನ್. ನಡುವೆ ತಿರುವು, ಒಬ್ಬರಿಗೊಬ್ಬರು ಕಾಣುವುದಿಲ್ಲ. ಅಲ್ಲಿ ಫೋನು ಹಿಡಿಯುವುದಿಲ್ಲ, ವಾಕಿಟಾಕಿ ಚಳಿಗೆ ಕೈಕೊಡುತ್ತದೆ. ಆಗ ಹಳೇ ಪದ್ಧತಿಯೇ ಗತಿ: ಒಂದು ಕೆಂಪು ಬಾವುಟ. ಆ ಕಡೆಯಿಂದ ಬಿಟ್ಟ ಗಾಡಿಗಳಲ್ಲಿ ಕೊನೆಯದರ ಕೈಗೆ ಅದನ್ನು ಕೊಡಬೇಕು. ಬಾವುಟ ಈ ತುದಿ ಮುಟ್ಟಿತೆಂದರೆ ದಾರಿ ಖಾಲಿ, ಈಚೆಯವರನ್ನು ಬಿಡಬಹುದು. ಮುಂಚೆ ಬಿಟ್ಟರೆ ತಿರುವಿನಲ್ಲಿ ಮುಖಾಮುಖಿ, ಪಕ್ಕದಲ್ಲಿ ಆಳದ ಕೆಸರು. ಈ ರಸ್ತೆಗೆ ಮೊದಲ ಸಲ ಡಾಂಬರು ಹಾಕಿದಾಗ ಬಾವುಟದವನೊಬ್ಬ ನಿದ್ದೆಗಣ್ಣಲ್ಲಿ ಗಾಡಿಗಳನ್ನು ಬೇಗ ಬಿಟ್ಟುಬಿಟ್ಟನಂತೆ. ತಡೆಯಲು ಅವುಗಳ ಹಿಂದೆಯೇ ಓಡಿ, ಗಾಡಿಗಳ ನಡುವೆ ಸಿಕ್ಕಿ ಸತ್ತ ಎಂದು ಅಪ್ಪ ಹೇಳುತ್ತಿದ್ದರು.

ಅಂದು ಆರ್ಡಿಸ್‌ಗೆ ಒಂದರ ಮೇಲೊಂದು ಪಾಳಿ. ಕಾಲು ಮರಗಟ್ಟಿತ್ತು. ನಿಂತಲ್ಲೇ ಕಣ್ಣು ಮುಚ್ಚಿಹೋಗುತ್ತಿತ್ತು. ಎದುರಿಗೆ ಕಾಯುತ್ತ ನಿಂತ ಹಾಲಿನ ಟ್ಯಾಂಕರ್, ಅದರ ಡ್ರೈವರ್ ಮರ್ಲ್.

“ಆರ್ಡಿಸ್, ಹಾಲು ಬೆಣ್ಣೆಯಾದ್ಮೇಲೆ ಬಿಡ್ತೀಯಾ ಹೇಗೆ?”

“ಬಾವುಟ ಬರ್ಲಿ ಕಣೋ.”

ಮಂಜು ಸೀಳಿಕೊಂಡು ಒಂದು ಪಿಕಪ್ ಬಂತು. ಗಡ್ಡದವನೊಬ್ಬ ಕಿಟಕಿಯಿಂದ ಬಾವುಟ ಚಾಚಿದ. “ಕೊನೇದು ನಂದೇ. ಹಿಂದೆ ಯಾರೂ ಇಲ್ಲ.” ಭರ್ರೆಂದು ಹೋದ.

ಸರಿ. ಆರ್ಡಿಸ್ ಕೈಯ ಫಲಕವನ್ನು ‘ನಿಲ್ಲಿ’ಯಿಂದ ‘ನಿಧಾನ’ಕ್ಕೆ ತಿರುಗಿಸತೊಡಗಿದಳು...

ಪಚ್... ಚರ್ರ್. ಪಚ್... ಚರ್ರ್.

ಹೊಸದಾಗಿ ಹಾಸಿದ ಭಾಗದ ಮೇಲೆ ಯಾರೋ ನಡೆದು ಬರುತ್ತಿದ್ದರು. ಒಂದು ಬೂಟು ಡಾಂಬರಿಗೆ ಅಂಟಿ ಕಿತ್ತುಕೊಳ್ಳುವ ಸದ್ದು. ಇನ್ನೊಂದು ಕಾಲು ಎಳೆಯುವ ಸದ್ದು. ಮುಖ ಕಾಣಲಿಲ್ಲ. ಟೋಪಿ ಇತ್ತು. ಚಾಚಿದ ಕೈಯಲ್ಲಿ ಬಾವುಟ.

“ನಂಗೆ ಬಂದಾಯ್ತಲ್ಲಪ್ಪ,” ಆರ್ಡಿಸ್ ಪಿಸುಗುಟ್ಟಿದಳು.

“ಅದಲ್ಲ... ಇನ್ನೂ ಒಂದು ಗಾಡಿ ಬರ್ಬೇಕು. ತಡಿಯಮ್ಮ.”

ದಣಿದು ಸೋತ ದನಿ. ಅವಳು ಬಾವುಟ ತೆಗೆದುಕೊಂಡಳು. ಫಲಕ ಮತ್ತೆ ‘ನಿಲ್ಲಿ’.

ಮರ್ಲ್ ಹಾರ್ನ್ ಒತ್ತಿದ. ಪ್ಯಾಂ...! “ಎರಡೆರಡು ಬಾವುಟ ಹಿಡ್ಕೊಂಡಿದೀಯಲ್ಲೇ! ಇನ್ನೇನು ಬ್ಯಾಂಡ್‌ಸೆಟ್ಟೂ ಬರ್ಬೇಕಾ?”

“ನಿಲ್ಲು ಅಂದ್ರೆ ನಿಲ್ಲು, ಮರ್ಲ್.”

“ಅದ್ಸರಿ... ಯಾರ ಜತೆ ಮಾತಾಡ್ತಿದ್ದೆ?”

ತಿರುಗಿ ನೋಡಿದಳು. ಬರೀ ಮಂಜು.

ಆಮೇಲೆ ಟುಕ್... ಟುಕ್‌ಟುಕ್... ಕೆಮ್ಮುವ ಎಂಜಿನ್. ಒಂದೇ ದೀಪದ ಕಾರು ತೆವಳುತ್ತ ಬಂತು. ಮುದುಕಿಯೊಬ್ಬಳು ಓಡಿಸುತ್ತಿದ್ದಳು, ಹಿಂದಿನ ಸೀಟಿನಲ್ಲಿ ಬಿಳಿಚಿಕೊಂಡ ಮೊಮ್ಮಗಳು.

“ಮಗು ವಾಂತಿ ಮಾಡ್ಕೊಂಡ್ಳು, ತಿರುವಲ್ಲೇ ನಿಲ್ಲಿಸ್ದೆ. ಎಂಜಿನ್ನೂ ಸತ್ತೋಯ್ತು. ಹಿಂದಿದ್ದ ಪಿಕಪ್‌ನವನು ಒಂದು ಮಾತೂ ಆಡ್ದೆ ಸವರ್ಕೊಂಡು ಮುಂದೆ ಹೋಗ್ಬಿಟ್ಟ ಕಣಮ್ಮ.”

ಬಾವುಟದ ಗಾಡಿಯೇ ಮುಂದಿನ ಗಾಡಿಯನ್ನು ಹಿಂದೆ ಹಾಕಿ ಬಂದಿತ್ತು. ಮರ್ಲ್ ಎಂಜಿನ್ ಆರಿಸಿದ. ತುಂಬಿದ ಟ್ಯಾಂಕರ್ ಆ ತಿರುವಿನಲ್ಲಿ ಬ್ರೇಕಿಗೆ ನಿಲ್ಲುವುದಿಲ್ಲ ಎಂದು ಅವನಿಗೆ ಯಾರೂ ಹೇಳಬೇಕಾಗಿರಲಿಲ್ಲ.

ಪಾಳಿ ಮುಗಿದ ಮೇಲೆ ಡುವೇನ್ ಎರಡನ್ನೂ ನೋಡಿದ. “ನಾನು ಕಳಿಸಿದ್ದು ಈ ಪ್ಲಾಸ್ಟಿಕ್ಕಿಂದು ಕಣೇ. ಆ ಬಟ್ಟೇದು ಎಲ್ಲಿಂದ ತಂದೆ?”

ನನ್ನ ಅಡುಗೆಮನೆಯಲ್ಲಿ ಅವಳು ಎರಡನ್ನೂ ಮೇಜಿನ ಮೇಲಿಟ್ಟು, ಬೂಟು ಕಳಚಿ, ಕಾಫಿ ಕುಡಿದು, ಇಷ್ಟನ್ನೂ ಹೇಳಿದಳು. ಅಳಲಿಲ್ಲ, ನಡುಗಲಿಲ್ಲ. ಅದಕ್ಕೂ ತ್ರಾಣ ಬೇಕಲ್ಲ.

“ಅವನಿಗೆ ನನಗಿಂತ ಸುಸ್ತಾಗಿತ್ತು ಅಣ್ಣ,” ಅಂದಳು. ಕುರ್ಚಿಯಲ್ಲೇ ನಿದ್ದೆ ಹೋದಳು.

ಬಟ್ಟೆಯ ಬಾವುಟ ನನ್ನ ಗೋದಾಮಿನ ಮೊಳೆಗೆ ನೇತುಬಿದ್ದಿದೆ. ಮರದ ಹಿಡಿ, ಹಿಡಿಗೆ ಡಾಂಬರು ಮೆತ್ತಿದೆ. ಡಾಂಬರಿನ ವಿಷಯ ನನಗೆ ಯಾರೂ ಕಲಿಸಬೇಕಾಗಿಲ್ಲ. ಚಳಿಗಾಲದಲ್ಲಿ ಅದು ಕಲ್ಲು. ಸುತ್ತಿಗೆಯಿಂದ ಹೊಡೆದರೆ ಟಣ್ ಎನ್ನುತ್ತದೆ. ಮೊನ್ನೆ ಜನವರಿಯಲ್ಲಿ, ಕೆರೆ ಹೆಪ್ಪುಗಟ್ಟಿ ಅದರ ಮೇಲೆ ಪಿಕಪ್‌ಗಳು ಓಡಾಡುತ್ತಿದ್ದಾಗ, ಆ ಹಿಡಿಯನ್ನು ಮುಟ್ಟಿದೆ. ಮೆತ್ತಗಿತ್ತು... ಬೆಚ್ಚಗಿತ್ತು. ಬೆರಳಿಗೆ ಅಂಟಿತು.

ಸುಳ್ಳಲ್ಲ. ಬೇಕಿದ್ದರೆ ಗೋದಾಮಿಗೆ ಬನ್ನಿ, ಕೈಗವಸು ತೆಗೆದು ಮುಟ್ಟಿ ನೋಡಿ.