ಭಾಗ್ಯಜ್ಯೋತಿಯ ಡಿ ಡ್ರೈವ್

...ಇಲ್ರಿ ಸಿದ್ದವ್ವಾರ, ನಿಮ್ಮ ಮಗಳ ಡಿ ಡ್ರೈವ್ ಈಗ ಇಲ್ಲೇ ಇಲ್ಲ! ಎಲ್ಲಿಂದ ತಗದು ತೋರಸ್ಲಿ? ಕೂಡ್ರಿ ಮೊದಲ. ನೀರು ಬೇಕೇನ್ರಿ? ಬ್ಯಾಡಾ? ಆತು.

ಅಬಿದಾ ಹೇಳ್ಯಾಳಂತ, ಅಬಿದಾ! "ನನಗೇನರ ಆದ್ರ ಅಂಗಡ್ಯಾಗಿನ ನನ್ನ ಡಿ ತಗದ ನೋಡ್ರಿ" ಅಂತ ಭಾಗ್ಯಜ್ಯೋತಿ ಅಂದಿದ್ಲಂತ. ಗೆಳತ್ಯಾರ ಮಾತ್ರಿ ಅವು... ಅದರಾಗೇನಿತ್ತು? ಲಗ್ನಪತ್ರಿಕಿ, ಬ್ಯಾನರು, ಒಂದೆರಡು ಫೋಟೋ. ಯಾರ ಫೋಟೋ? ಯಾರ್ಯಾರದೋ ಇರ್ತಾವ್ರಿ, ಡಿಟಿಪಿ ಅಂಗಡಿ ಇದು! ನನಗೇನ್ ಗೊತ್ತು, ನಾ ತಗದ ನೋಡೇ ಇಲ್ಲ.

ಹೆಂಗ ಹೋತಂತ ಹೇಳ್ತೇನಿ ಕೇಳ್ರಿ. ಡಿಸ್ಕ್ ಒಂದ ಇರ್ತೈತಿ, ಉದ್ದನ್ನ ಮನಿ ಇದ್ದಂಗ. ಅದರಾಗ ನಾವ ಖೋಲಿ ಮಾಡ್ಕೊಂಡಿರ್ತೇವಿ. ಸಿ ಅಂದ್ರ ಕಂಪ್ಯೂಟರಿಂದು, ಡಿ ಜ್ಯೋತಿದು, ಇ ನಂದು. ಸಿ ತುಂಬಿ ಮಷಿನ್ ತೆವಳಾಕ ಹತ್ತಿತ್ತು. ಅದಕ್ಕ ಡಿ ಅಳಿಸಿ, ಆ ಜಾಗಾ ಸಿ ಒಳಗ ಕೂಡಿಸಿದೆ. ...ನಂದ್ಯಾಕ ಅಳಿಸಲಿಲ್ಲಾ? ಅದು... ಅದರಾಗ ಗಿರಾಕಿ ಕೆಲಸ ಐತಲ್ರಿ!

ಈ ಶ್ರೀಶೈಲನ ಮ್ಯಾಲ ಸಂಶೆ ಬಂತೇನ್ರಿ? ಅಂಗಡ್ಯಾಗ ಕೆಲಸಕ್ಕಿದ್ರೂ ತಂಗಿ ಇದ್ದಂಗ ಇದ್ಲು. ಬುಧವಾರ ನಿಮ್ಮ ಯಂಕಂಚಿಯಾಗ ಬಸ್ ಹತ್ತಿದಾಕಿ, ಸಿಂದಗಿಯೊಳಗ ಇಳದಾಕಿ, ಅಂಗಡಿಗೆ ಬರಲೇ ಇಲ್ಲ! ಎಷ್ಟ ಹುಡಕೇನ್ರಿ ನಾನೂ! ಅಕೀ ಕಾಣೆ ಆದ ಮ್ಯಾಲೇ ಅಳಿಸೇನಿ, ದೇವರಾಣಿ. ಗುರುವಾರ, ಹಗಲಿನಾಗ. ತಾಸಿನ ಮ್ಯಾಲ ಹಿಡೀತು ಅದು.

ಯಾಕ... ಫ್ಯಾನ್ ಯಾಕ ನೋಡಾಕತ್ತೀರಿ?

ಹಾಂ. ಗುರುವಾರ ನೀವು ಬಂದಿದ್ರಿ. ಮುಂಜಾನಿಂದ ಸಂಜಿತನಕ ಇದ ಬಾಗಲದಾಗ ಕುಂತಿದ್ರಿ. ನಾ ರಟ್ಟು ಬೀಸಿಕೋತ... ಊರ ತುಂಬ ಕರೆಂಟ್ ಇರಲಿಲ್ಲ. ಹಂಗಾದ್ರ ಮಂಗಳವಾರ ಇರಬೇಕ್ರಿ. ಹೌದ್ ಹೌದು, ಮಂಗಳವಾರ! ಜ್ಯೋತಿನ್ನ ಲಗೂ ಮನಿಗೆ ಕಳಿಸಿ, ಒಬ್ಬನ ಕುಂತು...

ಇಲ್ಲ. ತಡೀರಿ. ಮರುದಿನ ಅಕೀ ಬಂದು ಕೇಳಿದ್ರ ಏನ್ ಹೇಳ್ತಿದ್ದಿ ಅಂತೀರಿ... ಕೇಳಾಕ ಅಕೀ ಎಲ್ಲಿ ಬರಾಕಿದ್ಲು...

ಬೇಕಾದ್ರ ಬೈರಿ! ಎದ್ದ ಎಲ್ಲಿಗೆ ಹೊಂಟ್ರಿ... ಯವ್ವಾ! ಬಾಗಲಾ ಯಾಕ ಮುಚ್ಚಾಕತ್ತಿ ಬೇ?