ಏಳನೇ ರೂಮಿನಲ್ಲಿ ಇಬ್ಬರು

ಇಲ್ಲ ಕಣಮ್ಮ, ಕಂಪ್ಯೂಟ್ರು ಸುಳ್ಳು ಹೇಳಲ್ಲ! ನಿಮ್ಮ ಕೈಲಿರೋ ಚೀಟಿ ನಮ್ಮ ಲಾಡ್ಜಿಂದೇ. ದೊಡ್ಡಮಾದಯ್ಯ, ಕವಲಂದೆ, ಏಳನೇ ರೂಮು, ಜನ ಇಬ್ಬರು. ಪೊಲೀಸ್ನೋರಿಗೂ ಇದನ್ನೇ ಕೊಟ್ಟಿದ್ದು. ಇನ್ನೇನು ಹೇಳ್ಲಿ?... ಕುಂತ್ಕಳಿ ಮೊದ್ಲು. ನೀರು ಕುಡೀರಿ.

ಹೆಂಗಸಾ? ಇದ್ಳು ಕಣಮ್ಮ. ನಿಮ್ಮೆಜಮಾನ್ರ ಹಿಂದೆ ನಿಂತಿದ್ಳು. ಕೆಂಪು ಸೀರೆ... ಮುಖ ಸರಿಯಾಗಿ ನೋಡ್ಲಿಲ್ಲ. ಬೆಳಗ್ಗೆ ನಾವು ಬಾಗ್ಲು ಒಡೆದಾಗ ಅವರೊಬ್ರೇ ಬಿದ್ದಿದ್ರು, ಜೀವ ಹೋಗಿತ್ತು. ಅವಳು ಅಷ್ಟೊತ್ತಿಗೆ ಹೋಗ್ಬುಟ್ಟಿದ್ಳು.

ಯಾಕೆ ಹಂಗೆ ನೋಡ್ತೀರಿ? ಒಳಗಿಂದ ಚಿಲ್ಕ ಹಾಕಿದ್ರೆ ಅವಳು ಹೆಂಗೆ ಹೋದ್ಳು ಅಂತಾನಾ? ಒಡೆದ ಬಾಗ್ಲಿನ ಮಾತು ಬಿಡಿ. ದಿನಾ ನೂರು ಜನ ಬತ್ತಾರೆ, ದೇವಸ್ಥಾನದ ಬೀದಿ ಇದು. ಯಾರ್ಯಾರ ಮುಖ ಅಂತ ನೆಪ್ಪಿಟ್ಕಳ್ಲಿ?

ಹಿಂದೆಲ್ಲ ನೆಪ್ಪಿರೋದು. ಇಪ್ಪತ್ತೊಂದು ವರ್ಷ ಆಯ್ತು ನಾನು ಈ ಕೌಂಟ್ರಲ್ಲಿ ಕೂತು. ಆಗ ಉದ್ದನೇ ರಿಜಿಸ್ಟ್ರು. ಒಂಟಿಯಾಗಿ ಬಂದೋರಿಗೆ ರೂಮು ಕೊಡಬಾರ್ದು ಅಂತ ಆಗ್ಲೂ ರೂಲ್ಸು. ಬಾಗ್ಲು ಹಾಕ್ಕಂಡು ಏನಾರ ಮಾಡ್ಕಂಡ್ರೆ?... ಆದ್ರೂ ಮುಖ ನೋಡಿ ಮಾತಾಡಿಸ್ತಿದ್ದೆ. ಹರಕೆ ತೀರ್ಸಕ್ಕೆ ಬಂದೋರಾ, ಮನೇಲಿ ಜಗಳ ಆಡ್ಕಂಡು ಬಂದೋರಾ, ಗೊತ್ತಾಗೋದು. ಅನುಮಾನ ಬಂದ್ರೆ ನನ್ನ ಪಕ್ಕದಲ್ಲೇ ಜಗಲೀಲಿ ಮಲಗಿಸಿ, ಬೆಳಗ್ಗೆ ಕಾಫಿ ಕುಡಿಸಿ ಬಸ್ ಹತ್ತಿಸ್ತಿದ್ದೆ.

ತೊಂಬತ್ತೆಂಟ್ರಲ್ಲಿ ಮೊದಲ್ನೇ ಕಂಪ್ಯೂಟ್ರು ಬಂತು. ಕಪ್ಪು ಪರದೆ, ಹಸಿರು ಅಕ್ಷರ. ಅದು ಪಾಪ, ಏನು ಹೊಡುದ್ರೂ ಒಪ್ಕಳ್ಳೋದು. ಹೋದ ವರ್ಷ ಹೊಸ ಸಾಫ್ಟ್‌ವೇರ್ ಹಾಕಿದ್ರು ನೋಡಿ... ಅಬ್ಬಾ, ಅದರ ಜಂಬವೇ! 'ಜನ ಒಬ್ಬರು' ಅಂತ ಹೊಡುದ್ರೆ ಮುಂದಕ್ಕೇ ಹೋಗಲ್ಲ. ಓನರ್ ಪಾಸ್‌ವರ್ಡ್ ಕೇಳ್ತದೆ. ಓನರ್ರು ಮೈಸೂರಲ್ಲಿ. ಫೋನ್ ಮಾಡುದ್ರೆ ಉಗೀತಾರೆ. ಅದಕ್ಕೇ ನಾವು ಒಂಟಿ ಬಂದೋರಿಗೆಲ್ಲ...

ಏನಿಲ್ಲ. ಏನೋ ಹೇಳಕ್ಕೋದೆ.

ಏನಾರ ಅನ್ನಿ ಮಂಚಮ್ಮೋರೆ. ಬೈರಿ. ಬೈಸ್ಕತೀನಿ... ಏನಂದ್ರಿ? ಹನ್ನೊಂದನೇ ದಿನ ಎಡೆ ಇಡ್ಲಿಲ್ವಾ? ಕಟ್ಕಂಡ ಗಂಡನಿಗೆ? 'ಆ ಕೆಂಪು ಸೀರೆಯವಳೇ ಇಡ್ಲಿ' ಅಂದ್ಬುಟ್ರಾ?... ಅಯ್ಯೋ ಶಿವನೇ.

ಇರ್ಲಿಲ್ಲ ಕಣಮ್ಮ. ಯಾವ ಸೀರೇನೂ ಇರ್ಲಿಲ್ಲ. ಒಬ್ರೇ ಬಂದ್ರು. 'ಒಟ್ಟೆನೋವು ಸಾ, ಆರ್ ತಿಂಗ್ಳಾಯ್ತು, ಯಾವ ಔಸ್ದೀಗೂ ಬಗ್ತಿಲ್ಲ. ನಂಜುಂಡಪ್ಪನ್ಗೆ ಏಳ್ಕಂಡು ಓಯ್ತೀನಿ' ಅಂದ್ರು. ಕೈಲಿ ಒಂದು ಚೀಲ ಕೂಡ ಇರ್ಲಿಲ್ಲ. ಹಳೇ ಕಾಲವಾಗಿದ್ರೆ ನನಗೆ ಅನುಮಾನ ಬರಕ್ಕೆ ಅಷ್ಟೇ ಸಾಕಿತ್ತು. ಆವತ್ತು ನಾನು ತಲೇನೇ ಎತ್ತಲಿಲ್ಲ. ಎರಡು ಅಂತ ಹೊಡ್ದೆ, ಚೀಟೀನೂ ಕೀನೂ ಕೊಟ್ಟೆ. ಪೊಲೀಸ್ನೋರು ಇನ್ನೊಬ್ರು ಎಲ್ಲಿ ಅಂದಾಗ... ಕೆಲ್ಸ ಹೋಗ್ತದಲ್ಲ ಅಂತ, ಸೀರೆ ಕಥೆ ಕಟ್ಬುಟ್ಟೆ. ನಿಮ್ಮ ಮನೇವರ್ಗೂ ಬತ್ತದೆ ಅಂತ ಅಂದ್ಕಂಡಿರ್ಲಿಲ್ಲ.

ಎದ್ದು ನಿಂತ್ರಾ? ಹೋಗಿ... ಊರಲ್ಲಿ ಹೇಳಿ. ನನ್ನ ಹೆಸ್ರು ಹಿಡಿದೇ ಹೇಳಿ, ಗಂಗಾಧರಸ್ವಾಮಿ ಅಂತ. ಹೋಗ್ದೆ ಇನ್ನೂ ಯಾಕೆ ಚೀಟಿ ಹಿಡ್ಕಂಡು ನಿಂತಿದ್ದೀರಿ?... ಓಹೋ.

ಹೂಂ. ಚೀಟೀಲಿ ಇದ್ದಿದ್ದನ್ನ ಅವರೂ ಓದಿದ್ರು. ಮೆಟ್ಲು ಹತ್ತೋಕೆ ಹೋದೋರು, ಅರ್ಧದಿಂದ ವಾಪಸ್ ಇಳಿದು ಬಂದ್ರು. 'ಸಾ, ಇದ್ರಲ್ಲಿ ಇಬ್ರು ಅಂತ ಬಂದದಲ್ಲ, ನಮ್ಮೋಳು ನೋಡುದ್ರೆ ಏನಂದ್ಕಂಡಾಳು?' ಅಂತ ಕೇಳಿದ್ರು.

ನಾನು ನಕ್ಬುಟ್ಟೆ ಕಣಮ್ಮ. 'ಯಾರು ನೋಡ್ತಾರೆ, ಹೋಗಯ್ಯ' ಅಂದೆ.